ತೂಗಬೇಕಾದದ್ದು ಚಿಕಿತ್ಸೆಯನ್ನು, ರೋಗಿಯನ್ನಲ್ಲ: 2018ರ ದಯಾಮರಣ ತೀರ್ಪಿನ ಒಂದು ದೈವಶಾಸ್ತ್ರೀಯ ವಿಮರ್ಶೆ

ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ ತೀರ್ಪು ನೀಡಿ, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆ ಎಂದು ಸಾರಿತು. ಈ ತೀರ್ಪಿಗೆ ನಮ್ಮ ಸಭೆಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕೇಳಿಬಂದಿವೆ. ಜೀವ ಕೊಟ್ಟ ದೇವರೇ ಜೀವವನ್ನು ತೆಗೆದುಕೊಳ್ಳಬೇಕಾಗಿರುವಾಗ ನ್ಯಾಯಾಲಯವು ಕೊಲೆಗೆ ಅನುಮತಿ ಕೊಟ್ಟಿತು ಎಂಬುದು ಒಂದು. ಇದು ವೈದ್ಯರಿಗೂ ವಕೀಲರಿಗೂ ಸೇರಿದ ವಿಷಯ, ಸಭಾಪಾಲಕರಿಗೆ ಇದರಲ್ಲಿ ಹೇಳುವುದೇನೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ತೀರ್ಪನ್ನು ಓದದೆ ಆಡಿದ ಮಾತು. ಎರಡನೆಯದು ತೀವ್ರ ನಿಗಾ ಘಟಕದ ಬಾಗಿಲ ಬಳಿ ಕುಟುಂಬದವರು ಪಾಲಕರನ್ನು ಕೇಳುವ ಪ್ರಶ್ನೆಯಿಂದ ನುಣುಚಿಕೊಳ್ಳುವ ಮಾತು. ತೀರ್ಪಿನ ನಿರ್ಣಯವನ್ನು ಕ್ರೈಸ್ತ ನೀತಿಶಾಸ್ತ್ರವು ಒಪ್ಪಬಹುದು, ಆದರೆ ಆ ನಿರ್ಣಯಕ್ಕೆ ಕೊಟ್ಟ ಕಾರಣಗಳಲ್ಲಿ ಒಂದನ್ನು ಒಪ್ಪಲಾಗದು ಎಂಬುದು ಪ್ರಸ್ತುತ ಲೇಖನದ ವಾದ.

ತೀರ್ಪು ಹೇಳಿದ್ದೇನು?

ಸಾಯುವ ಹಕ್ಕಿನ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. 1996ರ ಜ್ಞಾನ್ ಕೌರ್ ಪ್ರಕರಣದಲ್ಲಿ ಸಂವಿಧಾನ ಪೀಠವು, ಜೀವಿಸುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲವೆಂದು ಹೇಳಿತ್ತು. 2011ರಲ್ಲಿ ಅರುಣಾ ಶಾನಭಾಗ್ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ‘ನಿಷ್ಕ್ರಿಯ ದಯಾಮರಣ’ಕ್ಕೆ ಉಚ್ಚ ನ್ಯಾಯಾಲಯದ ಅನುಮತಿಯ ಷರತ್ತಿನೊಂದಿಗೆ ದಾರಿ ತೆರೆಯಿತು. ಈ ಎರಡು ತೀರ್ಪುಗಳ ನಡುವೆ ಹೊಂದಾಣಿಕೆ ಇಲ್ಲವೆಂದು 2014ರಲ್ಲಿ ವಿಷಯವು ಸಂವಿಧಾನ ಪೀಠದ ಮುಂದೆ ಹೋಯಿತು. 2018ರಲ್ಲಿ ಬಂದ ಉತ್ತರವು ಐವರೂ ಒಮ್ಮತದಿಂದ, ಆದರೆ ನಾಲ್ಕು ಪ್ರತ್ಯೇಕ ಅಭಿಪ್ರಾಯಗಳಲ್ಲಿ ಬರೆದದ್ದು.

ಗುಣವಾಗುವ ಭರವಸೆಯಿಲ್ಲದ ರೋಗಿಯು ಕೇವಲ ಮರಣವನ್ನು ಮುಂದೂಡುವ ಚಿಕಿತ್ಸೆಯನ್ನು ನಿರಾಕರಿಸಬಹುದು. ಬುದ್ಧಿ ಸ್ವಸ್ಥವಾಗಿರುವಾಗಲೇ ಆ ಇಚ್ಛೆಯನ್ನು ಮುಂಗಡ ನಿರ್ದೇಶನವಾಗಿ ಬರೆದಿಡಬಹುದು. 2018ರ ವಿಧಾನವು ಬಹಳ ತೊಡಕಿನದಾಗಿದ್ದ ಕಾರಣ 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿಯೂ ದ್ವಿತೀಯ ಮಂಡಳಿಯೂ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ.

ತೀರ್ಪು ಅನುಮತಿಸದೆ ಇರುವುದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿಯಬೇಕು. ಸಾವನ್ನು ತರುವ ಚುಚ್ಚುಮದ್ದು ಕೊಡುವುದಾಗಲಿ, ರೋಗಿಯು ತಾನೇ ಸೇವಿಸಲೆಂದು ಮಾರಕ ಔಷಧ ಒದಗಿಸುವುದಾಗಲಿ ಭಾರತದಲ್ಲಿ ಅಪರಾಧವೇ. ಆತ್ಮಹತ್ಯೆಗೆ ನೆರವಾಗುವುದನ್ನು ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮು ದಂಡಿಸುತ್ತದೆ. ಆದುದರಿಂದ ‘ನಿಷ್ಕ್ರಿಯ ದಯಾಮರಣ’ ಎಂಬ ಹೆಸರೇ ನಮ್ಮ ಜನರನ್ನು ದಾರಿತಪ್ಪಿಸಿದೆ. ವೆಂಟಿಲೇಟರ್ ಬೇಡವೆಂದು ಹೇಳಿದ ತಾಯಿಯ ಮಾತನ್ನು ಪಾಲಿಸಿದ ಮಗನು, ತಾನು ತಾಯಿಯನ್ನು ಕೊಂದೆನೋ ಎಂಬ ಅಪರಾಧಭಾವವನ್ನು ವರುಷಗಟ್ಟಲೆ ಹೊರುವುದಕ್ಕೆ ಈ ಹೆಸರೂ ಒಂದು ಕಾರಣ.

ಸಭೆಯ ಹಳೆಯ ವಿವೇಚನೆ

ಚಿಕಿತ್ಸೆಯನ್ನು ನಿರಾಕರಿಸುವುದು ಆತ್ಮಹತ್ಯೆಯಲ್ಲ ಎಂಬ ವಿವೇಕವನ್ನು ಸಭೆಯು ಆಧುನಿಕ ನ್ಯಾಯಾಲಯಗಳಿಂದ ಕಲಿಯಬೇಕಾಗಿಲ್ಲ. ಹದಿನಾರನೆಯ ಶತಮಾನದ ಸ್ಪೇನಿನ ದೈವಶಾಸ್ತ್ರಜ್ಞ ಫ್ರಾನ್ಸಿಸ್ಕೊ ದೆ ವಿತೋರಿಯಾ, ಜೀವ ಉಳಿಸಿಕೊಳ್ಳಲು ಒಬ್ಬನು ತನ್ನ ಆಸ್ತಿಯನ್ನೆಲ್ಲ ವ್ಯಯಿಸುವ ಹಂಗಿಲ್ಲವೆಂದು ಬೋಧಿಸಿದನು. ಅದೇ ಶತಮಾನದ ಕೊನೆಯಲ್ಲಿ ದೊಮಿಂಗೊ ಬಾನ್ಯೆಸ್ ‘ಸಾಧಾರಣ’ ಮತ್ತು ‘ಅಸಾಧಾರಣ’ ಸಾಧನಗಳೆಂಬ ಭೇದವನ್ನು ಮಾಡಿದನು. ಉಸಿರಾಟದ ಯಂತ್ರಗಳು ಆಸ್ಪತ್ರೆಗಳಿಗೆ ಬಂದ ಕಾಲದಲ್ಲಿ, 1957ರ ನವೆಂಬರ್‌ನಲ್ಲಿ, ಅರಿವಳಿಕೆ ತಜ್ಞರ ಪ್ರಶ್ನೆಗೆ ಉತ್ತರಿಸಿದ ಪೋಪ್ ಹನ್ನೆರಡನೆಯ ಪಿಯುಸರು, ತನಗಾಗಲಿ ಇತರರಿಗಾಗಲಿ ಅತಿಭಾರವಾಗುವ ಸಾಧನಗಳನ್ನು ಬಳಸಲು ಯಾರೂ ಬದ್ಧರಲ್ಲ ಎಂಬ ನಿಲುವನ್ನು ಸ್ಪಷ್ಟಪಡಿಸಿದರು. ಇದು ಕಥೋಲಿಕ ಪರಂಪರೆಯಲ್ಲಿ ಬೆಳೆದ ವಿಚಾರವಾದರೂ, ಮರಣವು ಅಂತಿಮ ಶತ್ರುವಾದರೂ ಅಂತಿಮ ಮಾತಲ್ಲವೆಂದು ನಂಬುವ ಯಾವ ಸಭೆಗೂ ಇದು ಅನ್ಯವಲ್ಲ. ಪುನರುತ್ಥಾನವನ್ನು ನಂಬುವವರು ಯಂತ್ರಕ್ಕೆ ಜೋತುಬೀಳಬೇಕಾಗಿಲ್ಲ.

ಈ ಪರಂಪರೆಯಲ್ಲಿ ತಕ್ಕಡಿಗೆ ಹಾಕುವುದು ಏನನ್ನು ಎಂಬುದನ್ನು ಗಮನಿಸಬೇಕು. ತೂಗುವುದು ಚಿಕಿತ್ಸೆಯನ್ನು: ಅದರ ನೋವು, ಅದರ ವೆಚ್ಚ, ಅದರಿಂದ ದೊರೆಯುವ ಪ್ರಯೋಜನ. ತೂಗುವವನು ರೋಗಿ. ಕುಟುಂಬದ ಮೇಲಿನ ಹೊರೆಯನ್ನೂ ಅವನು ಪ್ರೀತಿಯಿಂದ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆದರೆ ರೋಗಿಯನ್ನೇ ತಕ್ಕಡಿಯಲ್ಲಿಟ್ಟು, ಅವನ ಜೀವ ಉಳಿಸಿಕೊಳ್ಳಲು ತಕ್ಕುದೋ ಎಂದು ನೋಡುವುದು ಬೇರೆಯೇ ಕೆಲಸ. ಮಾತುಗಳು ಹತ್ತಿರವಿದ್ದರೂ ಇವೆರಡರ ನಡುವೆ ದೊಡ್ಡ ಕಂದಕವಿದೆ.

ಎರಡು ಆರ್ಥಿಕ ಪ್ರಶ್ನೆಗಳು

2018ರ ತೀರ್ಪು ಈ ಕಂದಕವನ್ನು ಒಂದು ಕಡೆ ದಾಟಿಬಿಡುತ್ತದೆ. ನ್ಯಾಯಮೂರ್ತಿ ಎ. ಕೆ. ಸಿಕ್ರಿಯವರು ತಮ್ಮ ಅಭಿಪ್ರಾಯದಲ್ಲಿ ದಯಾಮರಣದ ಆರ್ಥಿಕ ಮುಖವನ್ನು ಚರ್ಚಿಸುತ್ತ ಎರಡು ಪ್ರಶ್ನೆಗಳನ್ನು ಎತ್ತುತ್ತಾರೆ. ಬಡತನ ವ್ಯಾಪಕವಾಗಿರುವ ದೇಶದಲ್ಲಿ, ಶಕ್ತಿಮೀರಿದ ಚಿಕಿತ್ಸೆಗಾಗಿ ಮನೆಮಠ ಮಾರುವಂತೆ ಜನರನ್ನು ಒತ್ತಾಯಿಸಬೇಕೇ? ವೈದ್ಯಕೀಯ ಸೌಲಭ್ಯಗಳು ಸೀಮಿತವಾಗಿರುವಾಗ, ಚೇತರಿಕೆಯ ಸಾಧ್ಯತೆಯೇ ಇಲ್ಲದ ರೋಗಿಗಳು ಅವುಗಳ ಹೆಚ್ಚಿನ ಪಾಲನ್ನು ಬಳಸಿಕೊಳ್ಳಬೇಕೇ?

ಮೊದಲ ಪ್ರಶ್ನೆಗೆ ವಿತೋರಿಯಾ ಸುಮಾರು ಐದು ಶತಮಾನಗಳ ಹಿಂದೆಯೇ ಉತ್ತರಿಸಿದ್ದಾನೆ. ಅದು ನಮ್ಮ ಉತ್ತರವೂ ಹೌದು. ಎರಡನೆಯ ಪ್ರಶ್ನೆಯು ಹಾಗಲ್ಲ. ಅಲ್ಲಿ ಮಾತಾಡುವವನು ರೋಗಿಯಲ್ಲ, ಅವನ ಹಾಸಿಗೆಯನ್ನು ಬೇರೊಬ್ಬರಿಗಾಗಿ ಲೆಕ್ಕಹಾಕುವ ಸಮಾಜ. ಇರುವ ಹಾಸಿಗೆಗಳನ್ನು ನ್ಯಾಯವಾಗಿ ಹಂಚುವುದು ಸರ್ಕಾರದ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ. ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ಕೊಡದಿರಲು ವೈದ್ಯರಿಗೆ ಬೇರೆ ಕಾರಣಗಳೂ ಇವೆ. ಆದರೆ ರೋಗಿಯ ಘನತೆಯ ಹಕ್ಕಿಗೆ ಆಧಾರವೆಂದು ಇದನ್ನು ಮುಂದಿಟ್ಟರೆ ಆ ಹಕ್ಕು ತಲೆಕೆಳಗಾಗುತ್ತದೆ. ‘ನನಗೆ ಈ ಯಂತ್ರ ಬೇಡ’ ಎನ್ನುವ ಹಕ್ಕು, ‘ನೀನು ಜಾಗ ಬಿಡಬೇಕಲ್ಲವೇ’ ಎಂಬ ಸೂಚನೆಯಾಗುತ್ತದೆ. ಮನೆಯಲ್ಲಿ ಹೊರೆಯಾದೆನೆಂದು ಹಗಲಿರುಳೂ ಕೊರಗುವ ವೃದ್ಧರು ಈ ಸೂಚನೆಯನ್ನು ಬೇಗನೆ ಗ್ರಹಿಸುತ್ತಾರೆ.

ಹೊರದೇಶಗಳ ಅನುಭವ

ಘನತೆಯೆಂದರೆ ಸ್ವಾಯತ್ತತೆ ಎಂದಷ್ಟೇ ಅರ್ಥಮಾಡಿಕೊಂಡರೆ, ಚಿಕಿತ್ಸೆಯ ನಿರಾಕರಣೆಯ ಬಳಿ ನಿಲ್ಲಲು ಕಾರಣ ಸಿಗುವುದಿಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಆರು ತಿಂಗಳೊಳಗೆ ಸಾಯುವರೆಂದು ಭಾವಿಸಲಾದವರಿಗೆ ಮಾರಕ ಔಷಧ ಬರೆದುಕೊಡುವ ಕಾನೂನು 1997ರಿಂದ ನಡೆಯುತ್ತಿದೆ. ಅಲ್ಲಿನ ವಾರ್ಷಿಕ ವರದಿಗಳಲ್ಲಿ ರೋಗಿಗಳ ಕಾರಣಗಳಾಗಿ ಮೇಲುಗಡೆ ಕಾಣುವವು ಸ್ವಾಯತ್ತತೆಯ ನಷ್ಟ, ಸಂತೋಷದ ಚಟುವಟಿಕೆಗಳ ನಷ್ಟ, ಘನತೆಯ ನಷ್ಟ. ತಾಳಲಾರದ ನೋವು ಅವುಗಳ ಕೆಳಗೆ ಬರುತ್ತದೆ. ಕುಟುಂಬಕ್ಕೆ ಹೊರೆಯಾಗುವ ಚಿಂತೆಯನ್ನೂ ಅನೇಕರು ಹೇಳಿಕೊಳ್ಳುತ್ತಾರೆ. ಕೆನಡಾದಲ್ಲಿ 2016ರಲ್ಲಿ ಬಂದ ಕಾನೂನು, ಮರಣ ಸಮೀಪಿಸಿದವರಿಗೆ ಮಾತ್ರ ಎಂಬ ಮಿತಿಯನ್ನು 2021ರಲ್ಲೇ ಕೈಬಿಟ್ಟಿತು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ 2025ರ ಜೂನ್ 20ರಂದು ಇಂಥದೊಂದು ಮಸೂದೆಯನ್ನು 314–291 ಮತಗಳಿಂದ ಅಂಗೀಕರಿಸಿತು. ಅಲ್ಲಿ ಸಭೆಯೂ ಒಂದೇ ದನಿಯಲ್ಲಿ ಮಾತಾಡಲಿಲ್ಲ: ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ಜಸ್ಟಿನ್ ವೆಲ್ಬಿ ವಿರೋಧಿಸಿದರು, ಅವರ ಹಿಂದಿನವರಲ್ಲೊಬ್ಬರಾದ ಜಾರ್ಜ್ ಕೇರಿ ಬೆಂಬಲಿಸಿದರು. ಕೇರಿಯವರ ವಾದದ ಹಿಂದೆ ಕ್ರೂರತನವಿಲ್ಲ, ಕರುಣೆಯಿದೆ. ಆದುದರಿಂದಲೇ ಅದಕ್ಕೆ ಬರಿಯ ಖಂಡನೆಯಿಂದ ಉತ್ತರಿಸಲಾಗದು.

ಸೌಲನ ಸಾವಿನ ಎರಡು ವರದಿಗಳು

ನಮ್ಮ ಪ್ರಸಂಗಗಳಲ್ಲಿ ಈ ಚರ್ಚೆ ಬಂದಾಗ 2 ಸಮುವೇಲ 1ನೇ ಅಧ್ಯಾಯವನ್ನು ಪುರಾವೆಯಾಗಿ ಬಳಸುವುದುಂಟು. ಗಾಯಗೊಂಡ ಸೌಲನು ಬೇಡಿಕೊಂಡದ್ದರಿಂದ ಅವನನ್ನು ಕೊಂದೆನೆಂದ ಅಮಾಲೇಕ್ಯನಿಗೆ ದಾವೀದನು ಮರಣದಂಡನೆ ವಿಧಿಸಿದನು. ಆದುದರಿಂದ ದಯಾಮರಣ ಪಾಪ ಎಂಬುದು ವಾದ. ಪಾಠ್ಯವು ಇಷ್ಟು ಸರಳವಾಗಿ ನಮ್ಮ ಕೈಗೆ ಸಿಗುವುದಿಲ್ಲ. ದಾವೀದನು ಹಿಡಿದ ತಪ್ಪು, ಯೆಹೋವನ ಅಭಿಷಿಕ್ತನ ಮೇಲೆ ಕೈಯೆತ್ತಿದ್ದು. ಎಲ್ಲ ರೋಗಿಗಳ ಕುರಿತ ನಿಯಮವನ್ನು ಅವನು ಅಲ್ಲಿ ಹೇಳುತ್ತಿಲ್ಲ. ಇದಲ್ಲದೆ 1 ಸಮುವೇಲ 31ರ ಪ್ರಕಾರ, ಸೌಲನ ಆಯುಧ ಹೊರುವವನು ಭಯದಿಂದ ಹಿಂಜರಿದದ್ದರಿಂದ ಅರಸನು ತಾನೇ ತನ್ನ ಕತ್ತಿಯ ಮೇಲೆ ಬಿದ್ದನು. ಹಾಗಾದರೆ ಅಮಾಲೇಕ್ಯನ ಮಾತು ಸುಳ್ಳೂ ಇರಬಹುದು.

ಆದರೂ ಈ ಕಥೆಯಲ್ಲಿ ನಮಗೆ ಬೇಕಾದ ಎಚ್ಚರವಿದೆ. ಇವನು ಇನ್ನು ಬದುಕುವುದಿಲ್ಲವೆಂದು ತನಗೆ ಖಚಿತವಾಗಿತ್ತು ಎಂದು ಸಾಕ್ಷಿ ಹೇಳುವವನ ಕೈಯಲ್ಲಿ ಸತ್ತವನ ಕಿರೀಟವೂ ಕಡಗವೂ ಇವೆ. ತೀರ್ಮಾನಿಸಿದವನೇ ಲಾಭವನ್ನೂ ನಿರೀಕ್ಷಿಸಿದ್ದಾನೆ. ಸಂವಿಧಾನ ಪೀಠವು ಎರಡು ಮಂಡಳಿಗಳ ಕಾವಲನ್ನು ಇಟ್ಟದ್ದು ಇಂಥ ಕೈಗಳ ಭಯದಿಂದಲೇ. ಇನ್ನೊಂದು ಅಂಶವೂ ಇದೆ: ತನ್ನ ಜೀವವನ್ನು ತಾನೇ ತೆಗೆದುಕೊಂಡ ಸೌಲನನ್ನು ಗ್ರಂಥವು ಅಲ್ಲಿ ನಿಂದಿಸುವುದಿಲ್ಲ. ಯಾಬೇಷ್ ಗಿಲ್ಯಾದಿನವರು ರಾತ್ರಿಯೆಲ್ಲ ನಡೆದು ಅವನ ದೇಹವನ್ನು ತರುತ್ತಾರೆ. ದಾವೀದನು ಅವನಿಗಾಗಿ ಶೋಕಗೀತೆ ಹಾಡುತ್ತಾನೆ. ಹತಾಶನಾದವನ ವಿಷಯದಲ್ಲಿ ಮೃದುವಾಗಿಯೂ ಅವನ ಹತಾಶೆಯಿಂದ ಪ್ರಯೋಜನ ಪಡೆಯುವವನ ವಿಷಯದಲ್ಲಿ ಕಠಿಣವಾಗಿಯೂ ಇರುವ ಈ ಧೋರಣೆಯನ್ನು ನಮ್ಮ ಪ್ರಸಂಗಗಳು ಅನೇಕ ವೇಳೆ ಅದಲುಬದಲು ಮಾಡಿವೆ.

ಅರುಣಾ ಪ್ರಕರಣದ ಸಾಕ್ಷ್ಯ

ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಘೋರ ದೌರ್ಜನ್ಯಕ್ಕೆ ಗುರಿಯಾದರು. ಮಿದುಳಿಗೆ ಪ್ರಾಣವಾಯು ತಪ್ಪಿ, ಮತ್ತೆ ಸಹಜ ಪ್ರಜ್ಞೆಗೆ ಬರಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವ ತನಕ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲವೆಂಬುದು ನ್ಯಾಯಾಲಯದ ಗಮನಕ್ಕೆ ಬಂತು. ಅವರ ಪರವಾಗಿ ಅರ್ಜಿ ಹಾಕಿದ್ದ ಲೇಖಕಿ ಪಿಂಕಿ ವಿರಾನಿಯವರನ್ನಲ್ಲ, ಆರೈಕೆ ಮಾಡಿದ ಸಿಬ್ಬಂದಿಯನ್ನೇ ನ್ಯಾಯಾಲಯವು ಅವರ ಆಪ್ತರೆಂದು ಪರಿಗಣಿಸಿತು.

ಸ್ವಾಯತ್ತತೆಯೇ ಘನತೆಯಾಗಿದ್ದರೆ ಆ ಹಾಸಿಗೆಯಲ್ಲಿ ಘನತೆ ಎಳ್ಳಷ್ಟೂ ಇರಲಿಲ್ಲವೆನ್ನಬೇಕು. ಆದರೆ ದಿನವೂ ಮೈ ಒರೆಸಿದ, ಮಗ್ಗುಲು ಬದಲಿಸಿದ ಕೈಗಳು ಹಾಗೆ ತಿಳಿಯಲಿಲ್ಲ. ದೇವಸ್ವರೂಪವು ನಮ್ಮ ಸಾಮರ್ಥ್ಯವಲ್ಲ, ನಮಗೆ ದತ್ತವಾದದ್ದು ಎಂದು ನಾವು ತರಗತಿಯಲ್ಲಿ ಕಲಿಸುವುದನ್ನು ಆ ದಾದಿಯರು ತಮ್ಮ ಕೆಲಸದಲ್ಲಿ ತೋರಿಸಿದರು.

ವಿರಾನಿಯವರ ಪ್ರಶ್ನೆಯನ್ನು ಇದರಿಂದ ಅಳಿಸಿಹಾಕಲಾಗದು. ಅರುಣಾರ ಇಚ್ಛೆ ಏನಿತ್ತೆಂದು ಯಾರಿಗೆ ಗೊತ್ತು? ಆರೈಕೆ ಮಾಡುವವರ ಪ್ರೀತಿಯು ಆರೈಕೆ ಪಡೆಯುವವರ ಮಾತಿಗೆ ಬದಲಿಯಾಗದು. ಮುಂಗಡ ನಿರ್ದೇಶನದ ಮೌಲ್ಯವಿರುವುದು ಇಲ್ಲಿಯೇ. ಮಾತು ನಿಂತ ಮೇಲೂ ರೋಗಿಯೇ ತೂಗುವವನಾಗಿ ಉಳಿಯುವಂತೆ ಅದು ಮಾಡುತ್ತದೆ. ಈ ಕಾರಣದಿಂದ ಸಭೆಯು 2018ರ ನಿರ್ಣಯವನ್ನು ಸಹಿಸಿಕೊಂಡರೆ ಸಾಲದು, ಸ್ವಾಗತಿಸಬೇಕು.

ಭಾರವನ್ನು ಹೊರುವವರು ಯಾರು?

ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು, ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಎರಡನೆಯ ವಚನದಲ್ಲಿಯೂ, ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರುವನೆಂದು ಐದನೆಯ ವಚನದಲ್ಲಿಯೂ ಬರೆಯುತ್ತಾನೆ. ಗ್ರೀಕಿನಲ್ಲಿ ಮೊದಲನೆಯದು ‘ಬಾರೊಸ್’, ಎರಡನೆಯದು ‘ಫೋರ್ಟಿಯೊನ್’. ತನ್ನ ಸಾವನ್ನು ಎದುರಿಸುವುದು ಪ್ರತಿಯೊಬ್ಬನ ಫೋರ್ಟಿಯೊನ್. ಅದನ್ನು ಬೇರೊಬ್ಬರು ಹೊರಲಾರರು. ಆದರೆ ನೋವು, ಖರ್ಚು, ಒಂಟಿತನ ಇವು ಬಾರೊಸ್. ಇವುಗಳನ್ನು ಹಂಚಿಕೊಳ್ಳಲೆಂದೇ ಸಭೆಯಿದೆ. ಕ್ರಿಸ್ತನ ದೇಹದಲ್ಲಿ ಇತರರಿಗೆ ಹೊರೆಯಾಗುವುದು ನಾಚಿಕೆಯ ವಿಷಯವಲ್ಲ, ಅದು ಸದಸ್ಯತ್ವದ ಒಂದು ರೂಪ. ಮತ್ತಾಯ 23:4ರಲ್ಲಿ ಯೇಸು ಶಾಸ್ತ್ರಿಗಳ ಮೇಲೆ ಹೊರಿಸುವ ಆಪಾದನೆಯಲ್ಲಿ ಈ ಎರಡೂ ಪದಮೂಲಗಳು ಜೊತೆಯಾಗಿ ಬರುತ್ತವೆ: ಅವರು ಜನರ ಹೆಗಲಿಗೆ ಭಾರವಾದ ಹೊರೆ ಕಟ್ಟುತ್ತಾರೆ, ತಾವು ಬೆರಳೂ ತಾಗಿಸುವುದಿಲ್ಲ. ಜೀವವು ಪವಿತ್ರವೆಂದು ಸಾರಿ, ರೋಗಿಯ ಮನೆಗೆ ಅಂತ್ಯಕ್ರಿಯೆಯ ದಿನ ಮಾತ್ರ ಹೋಗುವ ಸಭೆಯು ಈ ವಚನದ ಮುಂದೆ ನಿಲ್ಲಬೇಕಾಗುತ್ತದೆ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್, ಸಾಯುವವರ ನೋವು ಶರೀರದ್ದಷ್ಟೇ ಅಲ್ಲ, ಮನಸ್ಸಿನದೂ ಸಂಬಂಧಗಳದೂ ಆತ್ಮದ್ದೂ ಹೌದೆಂದು ತಮ್ಮ ಕ್ರೈಸ್ತ ವಿಶ್ವಾಸದಿಂದಲೇ ಕಂಡುಕೊಂಡರು. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ, ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಗಿತ್ತು, ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರ ದೀರ್ಘ ಶ್ರಮದ ಬಳಿಕ 2014ರಲ್ಲಿ ಆ ಕಾನೂನು ಸಡಿಲವಾಯಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಈ ಕೆಲಸವನ್ನು ನಡೆಸುತ್ತಿವೆ. ಮಿಷನ್ ಆಸ್ಪತ್ರೆಗಳ ಪರಂಪರೆಯುಳ್ಳ ನಾವು ಇಂಥ ಆರೈಕೆಗೆ ಎಷ್ಟು ಹಾಸಿಗೆಗಳನ್ನು ಮೀಸಲಿಟ್ಟಿದ್ದೇವೆ?

ಭಾರತದಲ್ಲಿಯೂ ಒಂದು ದಿನ ನೆರವಿನ ಮರಣದ ಮಸೂದೆ ಸಂಸತ್ತಿಗೆ ಬರಬಹುದು. ಆಗ ಸಭೆಗಳು ವಿರೋಧಿಸಿ ನಿರ್ಣಯ ಅಂಗೀಕರಿಸುವುವು, ವಿರೋಧಿಸಲೂಬೇಕು. ಆ ನಿರ್ಣಯಕ್ಕೆ ಇರಬಹುದಾದ ಬೆಲೆ ಅಷ್ಟರೊಳಗೆ ನಿರ್ಧಾರವಾಗಿರುತ್ತದೆ. ಈಗ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮುಂಗಡ ನಿರ್ದೇಶನವೆಂದರೇನೆಂದು ಸಭೆಯ ಹಿರಿಯರಿಗೆ ಅವರ ಮಾತಿನಲ್ಲಿ ತಿಳಿಸಿಕೊಡುವುದು. ವೆಂಟಿಲೇಟರ್ ಬೇಡವೆಂದ ಕುಟುಂಬಕ್ಕೆ ಅದು ಕೊಲೆಯಲ್ಲವೆಂದು ಸ್ಪಷ್ಟವಾಗಿ ಹೇಳುವುದು. ಗುಣವಾಗದ ರೋಗಿಯ ಮನೆಯಲ್ಲಿ ವಾರಕ್ಕೊಂದು ರಾತ್ರಿ ಕುಳಿತು, ನೋಡಿಕೊಳ್ಳುವವರನ್ನು ಮಲಗಿಸುವುದು. ಇಷ್ಟನ್ನಾದರೂ ಮಾಡಿದ ಸಭೆಯು ‘ನೀನು ಹೊರೆಯಲ್ಲ’ ಎಂದರೆ, ಹಾಸಿಗೆ ಹಿಡಿದವರು ಆ ಮಾತನ್ನು ನಂಬಲು ಕಾರಣವಿರುತ್ತದೆ.