ದೇವರನ್ನೊಪ್ಪದವನ ಧರ್ಮ: ಒಂದು ವಚನದ ಬೆಳಕಿನಲ್ಲಿ

ದೇವರನ್ನು ನಂಬದವನು ಧಾರ್ಮಿಕನಾಗಿರಬಲ್ಲನೇ? ಈ ಪ್ರಶ್ನೆಗೆ ಆಸ್ತಿಕ ಸಮಾಜ ಸಾಮಾನ್ಯವಾಗಿ ಕೊಡುವ ಉತ್ತರ ಎರಡು ಬಗೆಯದು. ಬೇರಿಲ್ಲದ ಮರದಲ್ಲಿ ಫಲವೆಲ್ಲಿಯದು ಎಂಬ ನಿರಾಕರಣೆ ಒಂದು. ಸಜ್ಜನನಾದ ನಾಸ್ತಿಕನು ತನಗರಿವಿಲ್ಲದೆಯೇ ಭಕ್ತನಾಗಿರುವನೆಂಬ ಔದಾರ್ಯ ಇನ್ನೊಂದು. ಮೊದಲನೆಯದು ಕಠೋರ, ಎರಡನೆಯದು ಮೃದು. ಆದರೆ ಆ ಮನುಷ್ಯನ ಮಾತನ್ನು ಅವನ ಮಾತಾಗಿಯೇ ಕೇಳುವ ವ್ಯವಧಾನ ಎರಡರಲ್ಲಿಯೂ ಇಲ್ಲ. ಎ. ಎನ್. ಮೂರ್ತಿರಾವ್ ಅವರ ‘ದೇವರು’, ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ ಎಂಬ ಎರಡು ಗ್ರಂಥಗಳನ್ನು ಎದುರಿಗಿಟ್ಟುಕೊಂಡ ವಚನಾಭ್ಯಾಸಿಗೆ ಈ ವ್ಯವಧಾನ ಅವಶ್ಯವಾಗುತ್ತದೆ.

ಮೊದಲು ಶಬ್ದದ ವಿಚಾರ. ‘ನಾಸ್ತಿಕ’ ಎಂಬ ಪದಕ್ಕೆ ನಮ್ಮ ಪರಂಪರೆಯಲ್ಲಿ ಒಂದೇ ಅರ್ಥವಿಲ್ಲ. ಪಾಣಿನಿಯ ಸೂತ್ರವನ್ನು ವಿವರಿಸಿದವರು ಪರಲೋಕವಿಲ್ಲವೆಂಬ ಬುದ್ಧಿಯುಳ್ಳವನನ್ನು ನಾಸ್ತಿಕನೆಂದರು. ಮನುಸ್ಮೃತಿ ವೇದನಿಂದಕನನ್ನು ನಾಸ್ತಿಕನೆಂದಿತು. ಈ ಎರಡನೆಯ ಅಳತೆಯನ್ನು ಹಿಡಿದರೆ ಜಗತ್ಕರ್ತನಾದ ಈಶ್ವರನನ್ನು ಹೇಳದ ಪೂರ್ವಮೀಮಾಂಸೆ ಆಸ್ತಿಕ ದರ್ಶನವಾಗುತ್ತದೆ; ಶ್ರುತಿಗಿಂತ ಅನುಭಾವವೇ ಹಿರಿದೆಂದ ಶರಣರು ಸಂದೇಹಕ್ಕೆ ಒಳಗಾಗುತ್ತಾರೆ. ಸೃಷ್ಟಿಕರ್ತನನ್ನು ಒಪ್ಪದ ಜೈನಧರ್ಮವಾದರೋ ಶ್ರವಣಬೆಳಗೊಳದಂಥ ತಪೋಭೂಮಿಯನ್ನು ಕನ್ನಡ ನಾಡಿಗೆ ಕೊಟ್ಟಿದೆ. ಅದನ್ನು ಧರ್ಮವಲ್ಲವೆಂದು ಯಾರೂ ಹೇಳರು. ಆದ್ದರಿಂದ ಈಶ್ವರನಲ್ಲಿ ನಂಬಿಕೆಯೊಂದೇ ಧಾರ್ಮಿಕತೆಯ ಲಕ್ಷಣವೆಂಬ ಮಾತು ಈ ನೆಲದ ಇತಿಹಾಸಕ್ಕೆ ಹೊಂದುವುದಿಲ್ಲ. ಹಾಗಾದರೆ ಲಕ್ಷಣ ಯಾವುದು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ತಕ್ಕ ಸ್ಥಳ. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾದ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾದ ನರಸಿಂಹನೂ ಇರುವರು. ಹಿಂಬದಿಯ ನರಸಿಂಹನನ್ನು ಭಕ್ತರು ಕನ್ನಡಿಯಲ್ಲಿ ಕಾಣುತ್ತಾರೆ. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ನಾಗರಕಲ್ಲುಗಳನ್ನು ಪ್ರತಿಷ್ಠೆ ಮಾಡಿಸುತ್ತಾರೆ. ಹೀಗೆ ನಿಂತ ಕಲ್ಲುಗಳ ಸಾಲುಗಳು ಅಲ್ಲಿ ಹೇರಳ. ಪುಷ್ಯಮಾಸದ ಜಾತ್ರೆಯ ಕಾಲದ ದನಗಳ ಪರಿಷೆಯೂ ಪ್ರಸಿದ್ಧವಾದದ್ದೇ. ಹೀಗೆ ಶಿಲೆಯ ನಾಗನೂ ಜೀವಂತ ಪಶುವೂ ಒಂದೇ ಕ್ಷೇತ್ರದಲ್ಲಿ ಕಣ್ಣಿಗೆ ಬೀಳುತ್ತವೆ. ಬಸವಣ್ಣನವರ ನಾಗರ ವಚನವನ್ನು ಬಲ್ಲವನಿಗೆ ಅದು ಇಲ್ಲಿ ನೆನಪಾಗದೆ ಇರದು.

ಆ ವಚನ ನಾಡಿಗೆಲ್ಲ ಪರಿಚಿತ. ಶಿಲೆಯ ಹಾವಿಗೆ ಹಾಲೆರೆಯುವವರೇ ಜೀವವಿರುವ ಹಾವು ಕಂಡೊಡನೆ ಅದನ್ನು ಕೊಲ್ಲಲು ಮುಂದಾಗುವುದನ್ನು ಅದು ಹೇಳುತ್ತದೆ. ವಿಚಾರವಾದಿಗಳು ಇದನ್ನು ವಿಗ್ರಹಪೂಜೆಯ ಖಂಡನೆಯೆಂದು ಉದಾಹರಿಸುತ್ತಾರೆ. ಆದರೆ ಅವರು ಬಹುಮಟ್ಟಿಗೆ ಪೂರ್ವಾರ್ಧದಲ್ಲಿಯೇ ನಿಲ್ಲುತ್ತಾರೆ. ಉತ್ತರಾರ್ಧದಲ್ಲಿ ಬಸವಣ್ಣನವರು ಅದೇ ಮಾತನ್ನು ತಮ್ಮ ಆರಾಧ್ಯವಾದ ಲಿಂಗದ ಪೂಜೆಗೂ ಅನ್ವಯಿಸುತ್ತಾರೆ: ಹಸಿದು ಬಂದ ಜಂಗಮನನ್ನು ಹೊರದೂಡಿ, ಊಟ ಮಾಡದ ಲಿಂಗಕ್ಕೆ ನೈವೇದ್ಯ ಹಿಡಿಯುವವರ ಕಡೆಗೆ ಬೆರಳು ತಿರುಗುತ್ತದೆ. ಪರರ ದೇವರನ್ನು ಹಳಿಯುವುದು ಸುಲಭ. ತನ್ನ ಪೂಜೆಯನ್ನೇ ಪರೀಕ್ಷೆಗೊಡ್ಡುವುದು ಕಷ್ಟ. ಕೊನೆಗೆ ಶರಣರನ್ನು ಕಂಡು ಉದಾಸೀನ ಮಾಡುವವರನ್ನು ವಚನ ಕಲ್ಲಿಗೆ ತಾಗಿದ ಮಣ್ಣುಂಡೆಗೆ ಹೋಲಿಸುತ್ತದೆ.

ಇಲ್ಲಿ ವಾಚಕರು ‘ಉದಾಸೀನ’ ಎಂಬ ಒಂದು ಪದವನ್ನು ಲಕ್ಷಿಸಬೇಕು. ವಚನದ ಆಕ್ಷೇಪಕ್ಕೆ ಗುರಿಯಾದವನು ದೇವರಿಲ್ಲವೆಂದವನಲ್ಲ. ಅವನು ಹಾಲೆರೆಯುವವನು, ನೈವೇದ್ಯ ಹಿಡಿಯುವವನು, ಅಂದರೆ ನಂಬಿದವನು. ನಂಬಿಕೆಗೆ ಕೊರತೆಯಿಲ್ಲದ ಕಡೆಯಲ್ಲಿಯೇ ಧರ್ಮ ತಪ್ಪಿದೆ. ಆದ್ದರಿಂದ ಈ ವಚನದ ದೃಷ್ಟಿಯಲ್ಲಿ ಧರ್ಮಕ್ಕೆ ನೇರವಾದ ವಿರೋಧ ಅವಿಶ್ವಾಸವಲ್ಲ. ಎದುರಿಗಿರುವ ಜೀವದ ವಿಷಯದಲ್ಲಿ ತೋರುವ ಉದಾಸೀನ. ಹೀಗೆ ಓದಿದಾಗ ನಂಬದವನ ಪ್ರಶ್ನೆ ಬೇರೆಯಾಗಿ ತೋರುತ್ತದೆ: ಅವನು ದೇವರನ್ನು ಒಪ್ಪುವನೇ ಎಂಬುದಕ್ಕಿಂತ ಮೊದಲು, ಹಸಿದವನನ್ನು ಅವನು ಕಂಡನೇ ಎಂದು ಕೇಳಬೇಕಾಗುತ್ತದೆ.

ಮೂರ್ತಿರಾವ್ ಅವರು (1900–2003) ‘ದೇವರು’ ಗ್ರಂಥವನ್ನು ಪ್ರಕಟಿಸಿದ್ದು 1991ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ. ಸಾವು ಸಮೀಪಿಸುವ ಕಾಲದಲ್ಲಿ ಮನುಷ್ಯ ದೇವರ ಕಡೆಗೆ ವಾಲುವನೆಂಬ ಲೋಕೋಕ್ತಿಗೆ ಇದು ಅಪವಾದ. ದೇವರ ಅಸ್ತಿತ್ವಕ್ಕೆ ಹೇಳುತ್ತ ಬಂದ ವಾದಗಳನ್ನು ಅವರು ತೂಗಿ ನೋಡಿ, ಸಾಲವೆಂದು ಬದಿಗಿಡುತ್ತಾರೆ. ‘ಹಗಲುಗನಸುಗಳು’ ಬರೆದ ಪ್ರಬಂಧಕಾರನ ಸೌಜನ್ಯ ಇಲ್ಲಿಯೂ ಉಳಿದಿದೆ; ಭಕ್ತನನ್ನು ಹೀಯಾಳಿಸುವ ಚಪಲವಿಲ್ಲ. ನಿರಪರಾಧಿಯ ದುಃಖಕ್ಕೂ ಕರುಣಾಳುವಾದ ದೇವರಿಗೂ ಹೊಂದಿಕೆ ಹೇಗೆಂಬ ಪ್ರಶ್ನೆಯ ಮುಂದೆ ಸುಲಭದ ಸಮಾಧಾನಕ್ಕೆ ಒಪ್ಪದ ಮನಸ್ಸು ಉದಾಸೀನದ ಮನಸ್ಸಲ್ಲ. ಪರರ ನೋವು ತಟ್ಟದವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ನರಸಿಂಹಯ್ಯನವರದು (1920–2005) ಇದಕ್ಕಿಂತ ಬೇರೆಯಾದ ಪ್ರಕೃತಿ. ಘಾಟಿಯಿಂದ ದೂರವಲ್ಲದ ಗೌರಿಬಿದನೂರು ತಾಲ್ಲೂಕಿನ ಹೊಸೂರು ಅವರ ಹುಟ್ಟೂರು. ಕಡುಬಡತನದಲ್ಲಿ ಬೆಳೆದ ಬಾಲಕ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಬಂದನು. 1936ರಲ್ಲಿ ಗಾಂಧೀಜಿ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದೀ ಭಾಷಣವನ್ನು ಕನ್ನಡಿಸಿದ ವಿದ್ಯಾರ್ಥಿ ಇವರೇ. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಖಾದಿ ಬಿಡಲಿಲ್ಲ. ಅವಿವಾಹಿತರಾಗಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿಯೇ ಬಾಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯನ್ನು ನೇಮಿಸಿದಾಗ ನಾಡಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಅದನ್ನು ಧರ್ಮದ ಮೇಲಿನ ದಾಳಿಯೆಂದು ಬಗೆದವರಿದ್ದರು. ಅಂಥವರು ತಮ್ಮಲ್ಲಿಯೇ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಕಾಯಕ, ಅಪರಿಗ್ರಹ, ನುಡಿ-ನಡೆಗಳ ಹೊಂದಿಕೆ ಎಂಬ ಶರಣರ ಅಳತೆಗೋಲನ್ನು ಆ ವಿದ್ಯಾರ್ಥಿನಿಲಯದ ಕೋಣೆಗೆ ಹಿಡಿದಿದ್ದರೆ ಅದು ಏನು ಹೇಳುತ್ತಿತ್ತು?

ಹಾಗೆಂದು ವ್ಯತ್ಯಾಸವನ್ನು ಅಳಿಸುವುದು ಸಲ್ಲದು. ಷಟ್‌ಸ್ಥಲದ ಭಾಷೆಯಲ್ಲಿ ಹೇಳುವುದಾದರೆ, ವ್ರತದಿಂದ ಕದಲದ ಮಹೇಶ್ವರನ ನಿಷ್ಠೆಯಂಥದು ನಂಬದವನಲ್ಲಿಯೂ ಇರಬಹುದು. ಆದರೆ ಪ್ರಸಾದಿಯ ಸ್ಥಲಕ್ಕೆ ಬಂದಾಗ ದಾರಿ ಕವಲೊಡೆಯುತ್ತದೆ. ಬಂದುದೆಲ್ಲವನ್ನು ಪ್ರಸಾದವೆಂದು ಕೈಕೊಳ್ಳಬೇಕಾದರೆ ಕೊಡುವವನೊಬ್ಬ ಬೇಕು. ಅರ್ಪಿಸಬೇಕಾದರೆ ಸ್ವೀಕರಿಸುವವನು ಬೇಕು. ಮೂರ್ತಿರಾವ್ ಅವರಿಗೆ ಆ ಸ್ಥಾನ ಬರಿದು. ಜಗತ್ತಿನ ಚೆಲುವಿಗೆ ಅವರು ಮಣಿಯಬಲ್ಲರು, ಆದರೆ ಮಣಿದುದನ್ನು ಯಾರಿಗೂ ಅರ್ಪಿಸಲಾರರು. ಶರಣನ ದೃಷ್ಟಿಯಲ್ಲಿ ಇದು ಕೊರತೆ. ಅವರ ದೃಷ್ಟಿಯಲ್ಲಿ ಇದು ಪ್ರಾಮಾಣಿಕತೆ. ಅಂಥವರನ್ನು ‘ನೀವೂ ಭಕ್ತರೇ’ ಎಂದು ಬರಮಾಡಿಕೊಳ್ಳುವುದು ಆ ಪ್ರಾಮಾಣಿಕತೆಗೆ ಮಾಡುವ ಅಪಚಾರ. ಹಾಗೆಯೇ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣೀರಿಟ್ಟ ಬಸವಣ್ಣನವರನ್ನು ಕೇವಲ ವಿಚಾರವಾದಿಯೆಂದು ಕರೆದು ಅವರ ಭಕ್ತಿಯನ್ನು ಕಾಲದ ಉಡುಗೆಯಂತೆ ಕಳಚಿಡುವುದೂ ಅಪಚಾರವೇ.

ಗಾಂಧೀಜಿ ದೇವರೇ ಸತ್ಯವೆಂಬ ಮಾತನ್ನು ಸತ್ಯವೇ ದೇವರೆಂದು ತಿರುಗಿಸಿದಾಗ ದೇವರನ್ನು ಒಪ್ಪದ ಸತ್ಯನಿಷ್ಠನಿಗೂ ಬಾಗಿಲು ತೆರೆಯಿತು. ಆಂಧ್ರದ ನಾಸ್ತಿಕ ಗೋರಾ ತಮ್ಮ ನಿಲುವನ್ನು ಬಿಡದೆಯೇ ಅವರ ಒಡನಾಡಿಯಾದರು. ಸಿದ್ಧಗಂಗೆಯ ದಾಸೋಹದಲ್ಲಿಯೂ ಪಂಕ್ತಿಗೆ ಕುಳಿತ ಬಾಲಕನ ಜಾತಿ-ಮತಗಳು ಅನ್ನಕ್ಕೆ ಅಡ್ಡಬರುವುದಿಲ್ಲ.

ದೇವರನ್ನು ಒಪ್ಪದವನು ಧರ್ಮವಂತನಾಗಿರಬಲ್ಲನೆಂಬುದಕ್ಕೆ ಈ ಎರಡು ಗ್ರಂಥಗಳೂ ಎರಡು ಬಾಳುಗಳೂ ಸಾಕ್ಷಿ. ಅವನು ಭಕ್ತನಲ್ಲ, ಭಕ್ತನಾಗಬೇಕೆಂದು ಅವನು ಕೇಳಿಯೂ ಇಲ್ಲ. ಮಗನೋ ಶಿಷ್ಯನೋ ತನಗೆ ದೇವರಲ್ಲಿ ನಂಬಿಕೆಯಿಲ್ಲವೆಂದು ಹೇಳಿದ ದಿನ ಆಸ್ತಿಕನಾದ ಹಿರಿಯ ಅವನನ್ನು ಮನೆಯ ಹೊರಗೆ ನಿಲ್ಲಿಸಿದರೆ, ಆ ವಚನದ ಉತ್ತರಾರ್ಧ ಆ ಮನೆಯಲ್ಲಿಯೇ ನಡೆದಂತಾಗುತ್ತದೆ. ಒಳಗೆ ಲಿಂಗಕ್ಕೆ ನೈವೇದ್ಯ ಸಲ್ಲುತ್ತಿರುತ್ತದೆ, ಬಾಗಿಲಲ್ಲಿ ನಿಂತವನು ಹಸಿದಿರುತ್ತಾನೆ.