ಆಡಿದ ಮಾತು ಬರೆದಿಡುವ ವಿದ್ಯೆ

ಮನೋರೋಗ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮಾಡಲು ಹೊರಟವರು ಮೊದಲು ಔಷಧಿಗಳ ಹೆಸರು ಉರು ಹೊಡೆಯುತ್ತಾರೆ. ಅದೂ ಬೇಕು. ಆದರೆ ಈ ಕಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪ್ರೋಸೆಸ್ ರೆಕಾರ್ಡಿಂಗ್. ರೋಗಿಯ ಜೊತೆ ಆಡಿದ ಮಾತನ್ನು ನೆನಪು ಹಸಿಯಾಗಿರುವಾಗಲೇ, ಆಡಿದ ಹಾಗೇ ಬರೆಯಬೇಕು. ಒಂದು ಕಾಲಂನಲ್ಲಿ ಅವರ ಮಾತು, ಪಕ್ಕದಲ್ಲಿ ನಮ್ಮದು, ಕೊನೆಯಲ್ಲಿ ನಮಗೆ ತೋಚಿದ ಅರ್ಥ. ಮೌನವನ್ನೂ ತಗ್ಗಿಸಿದ ತಲೆಯನ್ನೂ ಬಿಡುವಂತಿಲ್ಲ.

"ಮನೆಯವರು ನನ್ನ ಮರೆತೇಬಿಟ್ರು ಸಿಸ್ಟರ್" ಎನ್ನುತ್ತಾರೆ ಒಬ್ಬ ಅಜ್ಜಿ ಎಂದುಕೊಳ್ಳಿ. "ಹಾಗೇನಿಲ್ಲ ಅಜ್ಜಿ, ಬರ್ತಾರೆ ಬಿಡಿ" ಎನ್ನುತ್ತಾಳೆ ವಿದ್ಯಾರ್ಥಿನಿ. ಹಿತವಾದ ಮಾತೇ. ಕಾಗದಕ್ಕೆ ಇಳಿದ ಮೇಲೆ ಗೊತ್ತಾಗುತ್ತದೆ, ಅಜ್ಜಿ ಆಮೇಲೆ ಮಾತೇ ಆಡಿಲ್ಲ. "ಯಾವಾಗಿಂದ ಹಾಗನ್ನಿಸ್ತಿದೆ?" ಎಂದಿದ್ದರೆ ಹೇಳುತ್ತಿದ್ದರೇನೋ. ಈ ಅರಿವು ಯಾವ ಗೈಡ್ ಪುಸ್ತಕದಿಂದಲೂ ಬರುವುದಿಲ್ಲ.

ಇಂಥ ಮಾತುಕತೆಯಲ್ಲಿ ಬೆಳೆಯುವ ನರ್ಸ್ ಮತ್ತು ರೋಗಿಯ ಸಂಬಂಧವೇ ಶುಶ್ರೂಷೆಯ ಜೀವಾಳ ಎಂದು 1952ರಲ್ಲೇ ಪುಸ್ತಕ ಬರೆದವರು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೌ. ಅಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮನೋರೋಗ ಶುಶ್ರೂಷೆಯ ಸ್ನಾತಕೋತ್ತರ ಶಿಕ್ಷಣ ಕಟ್ಟಿದವರೂ ಅವರೇ.

ಪ್ರವೇಶ ಪರೀಕ್ಷೆಗೆ ಓದುತ್ತಿರುವವರೇ, ಈಗ ಇರುವ ವಾರ್ಡಿನಲ್ಲೇ ಈ ಬರವಣಿಗೆ ಶುರುಮಾಡಿ. ರೋಗಿಯ ಹೆಸರು ಮಾತ್ರ ಎಲ್ಲೂ ಬರೆಯಬೇಡಿ.