ಹೊರೆಯ ಲೆಕ್ಕ

ಹಿಮಾಲಯದ ನಂದಾದೇವಿ ಶಿಖರದ ಎತ್ತರ 7,816 ಮೀಟರ್. ಅದನ್ನು ಹತ್ತಿದ ಗಳಿಗೆಗಿಂತ ಹತ್ತುವ ಮುಂಚಿನ ತಯಾರಿಯೇ ನನ್ನನ್ನು ಹೆಚ್ಚು ಸೆಳೆಯುತ್ತದೆ. ಶಿಖರದ ಸುತ್ತ ಕೋಟೆಗೋಡೆಯಂತೆ ಪರ್ವತಗಳ ಸಾಲು. ಅದನ್ನು ಸೀಳಿ ಹೊರಬರುವುದು ಋಷಿಗಂಗಾ ನದಿಯೊಂದೇ. 1934ರಲ್ಲಿ ಬ್ರಿಟಿಷ್ ಪರ್ವತಾರೋಹಿಗಳಾದ ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಮತ್ತು ಶೆರ್ಪಾಗಳಾದ ಅಂಗ್ ಥಾರ್ಕೆ, ಪಸಾಂಗ್, ಕುಸಾಂಗ್ ಆ ನದಿಯ ಕಮರಿಯಲ್ಲಿ ನುಸುಳಿದರು. ಕೆಳಗೆ ಭೋರ್ಗರೆವ ನೀರು, ಪಕ್ಕದಲ್ಲಿ ಕಡಿದಾದ ಬಂಡೆ, ಕಾಲಿಡಲು ಅಂಗೈಯಗಲದ ಅಂಚು. ಮುಖ್ಯ ಶಿಖರವನ್ನು ಅವರು ಏರಲಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅದು ಇಳಿಮುಖವಾದಾಗ ಇನ್ನೊಮ್ಮೆ ಒಳಹೊಕ್ಕು, ದಾರಿ ನೋಡಿ, ಅಳತೆ ಮಾಡಿಕೊಂಡು ಬಂದರು. ಎಂಥ ಸಂಯಮ!

ಇಂಥ ದೂರದ ಬೆಟ್ಟದಲ್ಲಿ ನಿಜವಾದ ಜಾಣ್ಮೆ ಇರುವುದು ಹೊರೆಯ ಲೆಕ್ಕದಲ್ಲಿ. ಹೊರುವವನೂ ಉಣ್ಣಬೇಕಲ್ಲ! ದಿನಕ್ಕೊಂದು ಕಿಲೋ ಹಿಟ್ಟು ಎಂದಿಟ್ಟುಕೊಂಡರೂ, ಮೂವತ್ತು ಕಿಲೋ ಹೊತ್ತವನು ತಿಂಗಳೊಳಗೆ ತನ್ನ ಮೂಟೆಯನ್ನೇ ತಿಂದು ಮುಗಿಸಿರುತ್ತಾನೆ. ಹಾಗಾಗಿ ಒಂದು ಡಬ್ಬಿ ಹೆಚ್ಚಾದರೆ ಅದು ಒಂದು ಡಬ್ಬಿಯ ಭಾರವಷ್ಟೇ ಅಲ್ಲ. ಅದನ್ನು ಹೊರುವ ಬೆನ್ನು, ಆ ಬೆನ್ನಿಗೆ ಬೇಕಾದ ಹಿಟ್ಟು, ಆ ಹಿಟ್ಟು ಹೊರಲು ಮತ್ತೊಂದು ಬೆನ್ನು. ಬೇಡದ್ದನ್ನು ಕೈಬಿಡುವ ಈ ವಿದ್ಯೆಯಲ್ಲಿ ಶಿಪ್ಟನ್, ಟಿಲ್ಮನ್ ಜೋಡಿಗೆ ಸಾಟಿಯಿಲ್ಲ ಎಂದೇ ನನ್ನ ಎಣಿಕೆ.

1936ರಲ್ಲಿ ಟಿಲ್ಮನ್ ಮತ್ತೆ ಬಂದರು, ಈ ಸಲ ಶಿಖರ ಏರಲು ಹೊರಟ ತಂಡದೊಂದಿಗೆ. ತುದಿಯತ್ತ ಕೊನೆಯ ಏರಿಕೆಗೆ ಆಯ್ಕೆಯಾಗಿದ್ದವರು ಆ ತಂಡದ ನೋಯೆಲ್ ಓಡೆಲ್ ಮತ್ತು ಚಾರ್ಲ್ಸ್ ಹ್ಯೂಸ್ಟನ್. ಕೆಟ್ಟ ಡಬ್ಬಿ ಮಾಂಸ ತಿಂದು ಹ್ಯೂಸ್ಟನ್ ಹಾಸಿಗೆ ಹಿಡಿದರು. ಅವರನ್ನು ಕೆಳಗಿಳಿಸಲಾಯಿತು. ಬದಲಿಗೆ ಸಿದ್ಧರಿದ್ದ ಟಿಲ್ಮನ್ ಮೇಲಿನ ಗುಡಾರ ಸೇರಿಕೊಂಡರು. ಆಗಸ್ಟ್ 29ರಂದು ಓಡೆಲ್, ಟಿಲ್ಮನ್ ಇಬ್ಬರೂ ತುದಿಯಲ್ಲಿದ್ದರು.